ಪೂರ್ತಿ ತೆಗೆದರೆ ನಿಶ್ಚಿಂತೆಯೇ?

ಪ್ರಶ್ನೆ: ನನಗೆ 47 ವರ್ಷ. ಎಡ ಸ್ತನದಲ್ಲಿ, ಕಂಕುಳಿನ ಕಡೆಗೆ, 1.8 ಸೆಂಟಿಮೀಟರ್ ಗಡ್ಡೆ ಇದೆ. ಬಯಾಪ್ಸಿಯಲ್ಲಿ ಕ್ಯಾನ್ಸರ್ ಎಂದು ಬಂದಿದೆ. ಸ್ಕ್ಯಾನ್‌ನಲ್ಲಿ ಕಂಕುಳಿನ ಗ್ರಂಥಿಗಳು ಸರಿಯಾಗಿಯೇ ಕಾಣುತ್ತಿವೆಯಂತೆ. ಮೊದಲು ನೋಡಿದ ಸರ್ಜನ್ "ಪೂರ್ತಿ ತೆಗೆದುಬಿಡೋಣ, ಆಮೇಲೆ ನಿಶ್ಚಿಂತೆ" ಎಂದರು. ಎರಡನೆಯವರು ಗಡ್ಡೆಯನ್ನಷ್ಟೇ ತೆಗೆದು ರೇಡಿಯೇಷನ್ ಕೊಡಬಹುದು ಎನ್ನುತ್ತಾರೆ. ಮನೆಯವರೆಲ್ಲ ಮೊದಲನೆಯವರ ಪರ. ಈ ವಯಸ್ಸಿನಲ್ಲಿ ಸ್ತನ ಉಳಿಸಿಕೊಳ್ಳಬೇಕೆನ್ನುವುದು ನನ್ನ ಹಟವೇ? ಇಬ್ಬರೂ ಸರ್ಜನ್‌ಗಳೇ, ಮಾತು ಮಾತ್ರ ಬೇರೆ ಏಕೆ?

ಉತ್ತರ: ಕೊನೆಯ ಪ್ರಶ್ನೆಯನ್ನೇ ಮೊದಲು ಎತ್ತಿಕೊಳ್ಳುತ್ತೇನೆ, ಏಕೆಂದರೆ ನಿಮ್ಮ ಮೊದಲ ಸರ್ಜನ್ ಆಡಿದ ಮಾತನ್ನು ನಾನೂ ವರ್ಷಗಟ್ಟಲೆ ಆಡಿದ್ದೇನೆ. "ತೆಗೆದುಬಿಟ್ಟರೆ ನಿಶ್ಚಿಂತೆ" ಎಂದು ಒಂದೇ ಉಸಿರಿಗೆ ಹೇಳುತ್ತಿದ್ದೆ. ಸ್ತನ ಉಳಿಸುವ ದಾರಿಯನ್ನು ವಿವರಿಸುವಾಗ ಮಾತ್ರ ವಾರಗಟ್ಟಲೆ ರೇಡಿಯೇಷನ್, ಮರುಕಳಿಸುವ ಸಾಧ್ಯತೆ, ಮತ್ತೊಮ್ಮೆ ಕತ್ತರಿಸಬೇಕಾದೀತು ಎಂಬ ಎಚ್ಚರಿಕೆ, ಎಲ್ಲವನ್ನೂ ಐದು ನಿಮಿಷ ಹೇಳುತ್ತಿದ್ದೆ. ಎದುರು ಕುಳಿತವರು ಯಾವುದನ್ನು ಆರಿಸಿಕೊಂಡಾರು? "ಆಯ್ಕೆ ಅವರದೇ" ಎಂದು ಕಡತದಲ್ಲಿ ಬರೆಯುತ್ತಿದ್ದೆ. ಒಮ್ಮೆ ಒಬ್ಬ ಶಿಕ್ಷಕಿ ಎಲ್ಲವನ್ನೂ ಕೇಳಿಸಿಕೊಂಡು, "ಡಾಕ್ಟರ್, ಒಂದನ್ನು ಹೇಳುವಾಗ ನಿಮ್ಮ ಮುಖ ಸಡಿಲವಾಗುತ್ತದೆ, ಇನ್ನೊಂದನ್ನು ಹೇಳುವಾಗ ಬಿಗಿಯುತ್ತದೆ" ಎಂದರು. ಆ ದಿನ ಸಿಟ್ಟು ಬಂದಿತ್ತು.

ನಾವು ಕಲಿತು ಬಂದ ಪಾಠವೇ ಹಾಗಿತ್ತು. ಅಮೆರಿಕದ ವಿಲಿಯಂ ಹಾಲ್‌ಸ್ಟೆಡ್ 19ನೇ ಶತಮಾನದ ಕೊನೆಯಲ್ಲಿ ಸ್ತನವನ್ನು ಎದೆಯ ಸ್ನಾಯು, ಕಂಕುಳಿನ ಗ್ರಂಥಿಗಳ ಸಮೇತ ತೆಗೆಯುವ ಶಸ್ತ್ರಚಿಕಿತ್ಸೆಯನ್ನು ಬಳಕೆಗೆ ತಂದರು. ಕ್ಯಾನ್ಸರ್ ಕಳೆಯಂತೆ ಅಕ್ಕಪಕ್ಕಕ್ಕೆ ಹಬ್ಬುತ್ತದೆ, ಆದ್ದರಿಂದ ಬೇರುಸಹಿತ ಕೀಳಬೇಕು ಎಂಬುದು ಅವರ ತರ್ಕ. ಮುಕ್ಕಾಲು ಶತಮಾನ ಅದೇ ನಡೆಯಿತು. ಕ್ಯಾನ್ಸರ್ ಕೋಶಗಳು ರಕ್ತದ ಮೂಲಕ ಬೇಗನೆ ದೂರ ಹೋಗಬಲ್ಲವು, ಹಾಗೆ ಹೋಗಿದ್ದರೆ ಎದೆಯ ಮೇಲೆ ಎಷ್ಟು ಅಗಲ ಕತ್ತರಿಸಿದರೂ ಅವು ಕೈಗೆ ಸಿಗುವುದಿಲ್ಲ ಎಂದು ವಾದಿಸಿದವರು ಬರ್ನಾರ್ಡ್ ಫಿಶರ್. ಅವರು ಅಮೆರಿಕದಲ್ಲಿ, ಉಂಬರ್ಟೊ ವೆರೊನೇಸಿ ಇಟಲಿಯ ಮಿಲಾನ್‌ನಲ್ಲಿ 1970ರ ದಶಕದಲ್ಲಿ ಇದನ್ನು ಪರೀಕ್ಷೆಗೊಡ್ಡಿದರು. ಯಾರಿಗೆ ಯಾವ ಚಿಕಿತ್ಸೆ ಎಂಬುದನ್ನು ಸರ್ಜನ್‌ನ ಇಷ್ಟಕ್ಕೆ ಬಿಡದೆ ಚೀಟಿ ಎತ್ತಿದ ಹಾಗೆ ಹಂಚಲಾಯಿತು.

ಮಿಲಾನ್‌ನ 701 ಮಹಿಳೆಯರನ್ನು 20 ವರ್ಷ ಹಿಂಬಾಲಿಸಿದಾಗ ಸ್ತನ ಕ್ಯಾನ್ಸರ್‌ನಿಂದ ತೀರಿಕೊಂಡವರ ಪ್ರಮಾಣ ಸ್ತನ ತೆಗೆಸಿಕೊಂಡವರು, ಉಳಿಸಿಕೊಂಡು ರೇಡಿಯೇಷನ್ ಪಡೆದವರು, ಈ ಎರಡೂ ಗುಂಪುಗಳಲ್ಲಿ ಹೆಚ್ಚುಕಡಿಮೆ ಒಂದೇ: ಸುಮಾರು ಶೇ. 25. ಅದೇ ಸ್ತನದಲ್ಲಿ ಅಥವಾ ಆ ಜಾಗದಲ್ಲಿ ಗಡ್ಡೆ ಮರಳಿದ್ದು ಉಳಿಸಿಕೊಂಡವರಲ್ಲಿ 30 ಮಂದಿಗೆ, ತೆಗೆಸಿಕೊಂಡವರಲ್ಲಿ 8 ಮಂದಿಗೆ. ಎರಡು ಸಂಖ್ಯೆಗಳನ್ನೂ ನೋಡಿ. ಮರುಕಳಿಸುವ ಅಪಾಯ ಕೊಂಚ ಹೆಚ್ಚು, ಆಯಸ್ಸು ಅಷ್ಟೇ. ತೆಗೆಸಿಕೊಂಡವರಲ್ಲೂ ಆ ಅಪಾಯ ಸೊನ್ನೆಯಾಗಲಿಲ್ಲ. ರೇಡಿಯೇಷನ್ ಬಿಟ್ಟರೆ ಮಾತ್ರ ಲೆಕ್ಕ ತಪ್ಪುತ್ತದೆ: ಫಿಶರ್ ಅವರ ಅಧ್ಯಯನದಲ್ಲಿ 20 ವರ್ಷಗಳಲ್ಲಿ ಅದೇ ಸ್ತನಕ್ಕೆ ಕ್ಯಾನ್ಸರ್ ಮರಳಿದ್ದು ರೇಡಿಯೇಷನ್ ಪಡೆದವರಲ್ಲಿ ಶೇ. 14.3, ಪಡೆಯದವರಲ್ಲಿ ಶೇ. 39.2.

ಇಷ್ಟು ಗೊತ್ತಿದ್ದೂ ನಮ್ಮಲ್ಲಿ ಹಲವರ ಕೈ ಏಕೆ ಹಿಂಜರಿಯುತ್ತದೆ? ಮರುಕಳಿಸಿದ ಗಡ್ಡೆ ಎದುರಿಗೆ ಬಂದು ಕೂರುತ್ತದೆ, "ಆಗಲೇ ತೆಗೆಯಬಾರದಿತ್ತೇ" ಎಂದು ಕೇಳುತ್ತದೆ. ತೆಗೆಯಬೇಕಿಲ್ಲದಿದ್ದರೂ ತೆಗೆದ ಸ್ತನದ ಬಗ್ಗೆ ದೂರು ಹೊತ್ತು ನನ್ನ ಬಳಿಗೆ ಇಂದಿನವರೆಗೆ ಒಬ್ಬರೂ ಬಂದಿಲ್ಲ. ಕೃತಜ್ಞತೆ ಹೇಳಿ ಹೋಗಿದ್ದಾರೆ. ನಾವು ಕಲಿಯುವುದು ಕಣ್ಣಿಗೆ ಬಿದ್ದ ತಪ್ಪಿನಿಂದ ಮಾತ್ರ.

ಪೂರ್ತಿ ತೆಗೆಯುವುದೇ ಸರಿಯಾದ ಸಂದರ್ಭಗಳು ಖಂಡಿತ ಇವೆ. ಸ್ತನದ ಬೇರೆ ಬೇರೆ ಭಾಗಗಳಲ್ಲಿ ಗಡ್ಡೆಗಳಿದ್ದರೆ, ಆ ಎದೆಗೆ ಹಿಂದೆಯೇ ರೇಡಿಯೇಷನ್ ಕೊಟ್ಟಿದ್ದರೆ, ಸ್ತನದ ಗಾತ್ರಕ್ಕೆ ಗಡ್ಡೆ ತೀರಾ ದೊಡ್ಡದಾಗಿದ್ದರೆ. ರೇಡಿಯೇಷನ್‌ಗೆ ದಿನವೂ ಹೋಗಿಬರಲಾಗದಿರುವುದೂ ನ್ಯಾಯವಾದ ಕಾರಣವೇ, ಆದರೆ ಈಗ ಅದು ಹಲವರಿಗೆ ಮೂರು ವಾರಗಳಲ್ಲಿ ಮುಗಿಯುತ್ತದೆ. ಆದ್ದರಿಂದ ಮೊದಲ ಸರ್ಜನ್ ಬಳಿಗೆ ಮತ್ತೆ ಹೋಗಿ, "ನನ್ನ ಗಡ್ಡೆಯಲ್ಲಿ ಏನಿದೆ ಎಂದು ಪೂರ್ತಿ ತೆಗೆಯಬೇಕು?" ಎಂದು ಕೇಳಿ. ಮ್ಯಾಮೊಗ್ರಾಮ್ ತೆರೆದು ಬೆರಳಿಟ್ಟು ತೋರಿಸಿದರೆ ಗಮನವಿಟ್ಟು ಕೇಳಿ. "ನಿಶ್ಚಿಂತೆ" ಎಂದಷ್ಟೇ ಹೇಳಿದರೆ, ಅದು ಯಾರ ನಿಶ್ಚಿಂತೆ ಎಂದೂ ಕೇಳಬಹುದು. ಇನ್ನೊಂದು ವಿಷಯ: ಗ್ರಂಥಿಗಳಲ್ಲಿ ಕ್ಯಾನ್ಸರ್ ಸಿಕ್ಕರೆ ಪೂರ್ತಿ ತೆಗೆದ ಮೇಲೂ ರೇಡಿಯೇಷನ್ ಬೇಕಾಗಬಹುದು. ಕಿಮೊಥೆರಪಿ ಬೇಕೋ ಬೇಡವೋ ಎಂಬುದಂತೂ ಸ್ತನ ಉಳಿಯಿತೇ ಇಲ್ಲವೇ ಎಂಬುದರ ಮೇಲೆ ನಿಂತಿಲ್ಲ.

ಹಟವೇ ಎಂದು ಕೇಳಿದ್ದೀರಿ. ಅಲ್ಲ.

ಪ್ರಶ್ನೆ: ಗಡ್ಡೆ ತೆಗೆದು ಹತ್ತು ದಿನವಾಯಿತು. "ಅಂಚಿನಲ್ಲಿ ಉಳಿದಿದೆ, ಮತ್ತೊಮ್ಮೆ ಮಾಡಬೇಕು" ಎನ್ನುತ್ತಿದ್ದಾರೆ. ಮೊದಲ ಸಲ ಸರಿಯಾಗಿ ಮಾಡಲಿಲ್ಲವೇ?

ಉತ್ತರ: ತೆಗೆದ ತುಣುಕಿಗೆ ನಾವು ದಾರ ಹೊಲಿದು ಕಳುಹಿಸುತ್ತೇವೆ. ನನ್ನ ಕ್ರಮದಲ್ಲಿ ಗಿಡ್ಡ ದಾರ ಮೇಲ್ಬದಿಗೆ, ಉದ್ದ ದಾರ ಹೊರಬದಿಗೆ. ಪೆಥಾಲಜಿಸ್ಟ್ ಅದರ ಹೊರಮೈಗೆ ಶಾಯಿ ಬಳಿದು, ತೆಳುವಾಗಿ ಕೊಯ್ದು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಕ್ಯಾನ್ಸರ್ ಕೋಶ ಶಾಯಿಗೆ ತಾಗಿದ್ದರೆ ಆ ಬದಿಯಲ್ಲಿ ಇನ್ನೂ ಉಳಿದಿರಬಹುದು. ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆ ಇದು ಕಣ್ಣಿಗೂ ಬೆರಳಿಗೂ ಸಿಗುವುದಿಲ್ಲ; ನುರಿತವರಿಗೂ ಹೀಗಾಗುತ್ತದೆ. "ಸರಿಯಾಗಿ ಮಾಡಲಿಲ್ಲ" ಎನಿಸಿಕೊಳ್ಳುವ ಈ ಅಂಜಿಕೆಯಿಂದಲೇ ಕೆಲವರು ಮೊದಲೇ ಪೂರ್ತಿ ತೆಗೆಯಲು ಹೊರಡುತ್ತಾರೆ ಎಂಬುದು ನನ್ನ ಗುಮಾನಿ. ಯಾವ ಬದಿಯ ಅಂಚು, ಒಂದೇ ಬದಿಯೋ ಹಲವೋ ಎಂದು ವರದಿಯಲ್ಲಿ ನೋಡಿ. ಒಂದೇ ಬದಿಯಾದರೆ ಸಾಮಾನ್ಯವಾಗಿ ಅಲ್ಲಿಂದ ಇನ್ನೊಂದು ತೆಳು ಪದರ ತೆಗೆದರೆ ಸಾಕಾಗುತ್ತದೆ.