ನಿಮ್ಮ ಅಪ್ಪ ನಾಲ್ಕನೇ ಪುಟದಲ್ಲಿ ಯಾಕೆ?

ಸೇಡಂನಿಂದ ನೀವು ಕಳಿಸಿದ ‘ಸ್ಯಾಂಕ್ಷನ್: ಒಂದು ಪದ, ಎರಡು ಅರ್ಥ’ ಲೇಖನ ಓದಿದೆ. ಈಗಿರುವ ಹಾಗೆ ಅಚ್ಚು ಹಾಕಲಾರೆವು. ಸಿಟ್ಟಾಗಬ್ಯಾಡ್ರಿ, ಕಾರಣ ಹೇಳ್ತೀನಿ.

ಮೊದಲ ಮೂರು ಪುಟ ನಿಘಂಟು ಬಿಚ್ಚಿಟ್ಟಂತಿದೆ. ಅನುಮತಿ ಒಂದರ್ಥ, ಅದಕ್ಕೆ ಪೂರಾ ಉಲ್ಟಾ ದಂಡನೆ ಇನ್ನೊಂದರ್ಥ, ಸರಿ. ಇವೆರಡೂ ಒಂದೇ ಪದದ ಹೊಟ್ಟೆಯಲ್ಲಿ ಹೇಗೆ ಸೇರಿದವು ಎಂದು ನೀವು ಕೇಳಿಕೊಂಡೇ ಇಲ್ಲ. ಲ್ಯಾಟಿನ್ ಮೂಲದಲ್ಲಿ ಅದು ಪವಿತ್ರವೆಂದು, ಮೀರಬಾರದ್ದೆಂದು ಕಟ್ಟು ಮಾಡುವುದು. ಸಂತ ಎಂಬರ್ಥದ ಇಂಗ್ಲಿಷಿನ ಸೇಂಟ್ ಕೂಡ ಅದೇ ಬಳ್ಳಿಯದು. ಕಟ್ಟಳೆ ಅಂದಮೇಲೆ ಒಪ್ಪಿಗೆಯ ಮುದ್ರೆಯೂ ಬೇಕು, ಮೀರಿದವನಿಗೆ ಶಿಕ್ಷೆಯೂ ಬೇಕು.

ಎರಡನೇ ಪುಟದಲ್ಲಿ ‘1990ರಲ್ಲಿ ವಿಶ್ವಸಂಸ್ಥೆ ಇರಾಕ್ ಮೇಲೆ ಆರ್ಥಿಕ ಮಂಜೂರಾತಿ ಹೇರಿತು’ ಎಂದಿದ್ದೀರಿ. ಮಂಜೂರಾತಿ ಯಾರಾದರೂ ಹೇರ್ತಾರೇನ್ರಿ? ಕುವೈತ್ ಮೇಲೆ ದಂಡೆತ್ತಿ ಹೋದದ್ದಕ್ಕೆ ಹೇರಿದ್ದು ನಿರ್ಬಂಧ. ಬಹುವಚನದ ‘ಸ್ಯಾಂಕ್ಷನ್ಸ್’ ಒಂದು ದೇಶದ ಮೇಲೆ ಬಿದ್ದರೆ ಅದು ದಂಡನೆಯೇ. ಸಾಲ, ಹುದ್ದೆ, ರಜೆಯ ಜೊತೆ ಬಂದರೆ ಮಂಜೂರಾತಿ. ಇನ್ನೂ ಸೊಗಸಿನ ಉದಾಹರಣೆ ನಮ್ಮ ಕಾನೂನಿನಲ್ಲೇ ಇದೆ: 1988ರ ಭ್ರಷ್ಟಾಚಾರ ತಡೆ ಕಾಯ್ದೆಯ 19ನೇ ಕಲಂ. ಸರ್ಕಾರಿ ನೌಕರನ ಲಂಚದ ಕೇಸನ್ನು ಕೋರ್ಟು ಕೈಗೆತ್ತಿಕೊಳ್ಳಲು ಮೊದಲು ‘ಸ್ಯಾಂಕ್ಷನ್’ ಬೇಕು. ಶಿಕ್ಷೆಯ ದಾರಿಯಲ್ಲಿ ನಿಂತಿದ್ದರೂ ಅಲ್ಲಿ ಅದರ ಅರ್ಥ ಅನುಮತಿ!

ಇಷ್ಟೆಲ್ಲ ದಾಟಿ ನಾಲ್ಕನೇ ಪುಟಕ್ಕೆ ಬಂದಾಗ ನಿಮ್ಮ ಅಪ್ಪ ಸಿಕ್ಕರು. ಯಾವುದೋ ಕಚೇರಿಗೆ ಮೂರು ಸಲ ಅಲೆದು ಬಂದು, ಕಟ್ಟೆಯ ಮೇಲೆ ಕೂತು, ಚಪ್ಪಲಿಯ ಧೂಳು ಕೊಡವುತ್ತ ಅಂದದ್ದು: ‘ಬೋರಿನ ಸಾಲ ಮಂಜೂರ್ ಆಗ್ಯದ ಖರೆ, ರೊಕ್ಕ ಬಂದಿಲ್ಲ.’ ಈ ಒಂದು ಮಾತಿಗಾಗಿ ನಿಮ್ಮ ಹಸ್ತಪ್ರತಿಯನ್ನು ಎರಡನೇ ಸಲ ಓದಿದೆ. ಲೇಖನ ಶುರುವಾಗಬೇಕಾದದ್ದು ಇಲ್ಲಿಂದ.

ಮಂಜೂರು ಅನ್ನುವ ಪದವನ್ನೇ ಸ್ವಲ್ಪ ಕೆದಕಿ ನೋಡಿ. ಅರಬ್ಬಿಯಲ್ಲಿ ಅದರ ಮೂಲಾರ್ಥ ‘ನೋಡಲ್ಪಟ್ಟದ್ದು’; ನಾವು ದಿನಾ ಅನ್ನುವ ನಜರ್ ಅದರ ಒಡಹುಟ್ಟು. ಇಂಗ್ಲಿಷಿನವರ ಒಪ್ಪಿಗೆ ಪಾವಿತ್ರ್ಯದಿಂದ ಹುಟ್ಟಿದರೆ ನಮ್ಮದು ಸಾಹೇಬರ ನಜರಿನಿಂದ ಹುಟ್ಟಿದೆ. 1948ರವರೆಗೆ ನಿಜಾಮರ ಆಡಳಿತದ ಭಾಷೆ ಉರ್ದು ಆಗಿದ್ದ ನಮ್ಮ ಕಲಬುರಗಿ ಸೀಮೆಯವರು ಬಿಟ್ಟರೆ ಇದನ್ನು ಇನ್ಯಾರು ಬರೆಯಬೇಕು?

ಅಪ್ಪನ ಕೈಯಲ್ಲಿ ಒಂದು ಚೀಟಿ ಇತ್ತು ಅಂದಿದ್ದೀರಿ. ಅದರಲ್ಲಿ ಯಾವ ಪದ ಇತ್ತು, ಮಂಜೂರಾತಿಯೋ ಸ್ಯಾಂಕ್ಷನ್ನೋ? ಅವರನ್ನೇ ಕೇಳಿ, ಮತ್ತೆ ಬರೆದು ಕಳಿಸಿ. ಎರಡು ಪುಟ ಸಾಕು.