ಮಿನ್ನೆಸೋಟದ ಮೊದಲ ಚಳಿಗಾಲಕ್ಕೆ ಮನೆಯನ್ನು ಹೇಗೆ ಸಿದ್ಧಪಡಿಸಬೇಕು?

ಬೇಸಿಗೆಯಲ್ಲಿ ಮಿನಿಯಾಪೊಲಿಸ್‌ನಲ್ಲಿ ಮನೆ ಕೊಂಡಿದ್ದೀರಿ, ಡಿಸೆಂಬರ್‌ನಲ್ಲಿ ನಾಲ್ಕು ವಾರ ಮೈಸೂರಿಗೆ ಹೊರಟಿದ್ದೀರಿ, ಹೀಟರ್ ಹಾಕಿದರೆ ಸಾಕಲ್ಲವೇ ಎಂದು ಕೇಳಿದ್ದೀರಿ. ಸಾಲದು. ನಾನು ತೀರ್ಥಹಳ್ಳಿ ಕಡೆಯವನು. ನಮ್ಮಲ್ಲಿ ಮೇ ತಿಂಗಳಲ್ಲೇ ಹೆಂಚು ಕೈಯಾಡಿಸಿ, ಕಟ್ಟಿಗೆ ಒಳಗೆ ಸೇರಿಸಿ, ಜಗಲಿಗೆ ತಟ್ಟಿ ಕಟ್ಟಿ ಮಳೆಗೆ ಕಾಯುತ್ತಿದ್ದರು. ಇಲ್ಲಿಯೂ ಮನೆಗೆ ಕಾಟ ಕೊಡುವುದು ಚಳಿಗಿಂತ ಹೆಚ್ಚಾಗಿ ನೀರೇ.

ಮೊದಲು ಹೊರಗಿನ ನಲ್ಲಿ. ತೋಟದ ಪೈಪನ್ನು ಅಕ್ಟೋಬರ್ ಆರಂಭದಲ್ಲೇ ಬಿಚ್ಚಿಡಿ. ಹೆಪ್ಪುಗಟ್ಟುವುದಿಲ್ಲವೆಂದು ಮಾರುವ ನಲ್ಲಿಗಳಲ್ಲಿ ವಾಲ್ವ್ ಗೋಡೆಯ ಒಳಗಡೆ, ಬೆಚ್ಚಗಿನ ಜಾಗದಲ್ಲಿರುತ್ತದೆ. ಪೈಪ್ ಸಿಕ್ಕಿಸಿಯೇ ಇದ್ದರೆ ವಾಲ್ವಿನಿಂದ ಹೊರಬಾಯಿವರೆಗಿನ ಕೊಳವೆಯಲ್ಲಿ ನೀರು ನಿಂತುಬಿಡುತ್ತದೆ; ಮಂಜುಗಡ್ಡೆಯಾಗುವಾಗ ಸುಮಾರು ಶೇಕಡ 9ರಷ್ಟು ಹಿಗ್ಗಿ ತಾಮ್ರವನ್ನೇ ಸೀಳುತ್ತದೆ. ನನ್ನ ಮೊದಲ ವರ್ಷ ಹೀಗೇ ಆಯಿತು, ಚಳಿಗಾಲವಿಡೀ ಸುಳಿವೇ ಸಿಗಲಿಲ್ಲ. ಮೇ ತಿಂಗಳಲ್ಲಿ ನಾನು ಹೊರಗೆ ಕಾರು ತೊಳೆಯುತ್ತಿದ್ದರೆ ಅಷ್ಟೇ ನೀರು ಗೋಡೆಯೊಳಗಿಂದ ನೆಲಮಾಳಿಗೆಗೂ ಇಳಿಯುತ್ತಿತ್ತು!

ನವೆಂಬರ್‌ವರೆಗೆ ಸಮಯವಿದೆ ಎಂದುಕೊಳ್ಳಬೇಡಿ. 1991ರ ಹ್ಯಾಲೊವೀನ್ ದಿನ, ಅಂದರೆ ಅಕ್ಟೋಬರ್ 31ರಂದು, ಶುರುವಾದ ಹಿಮ ಈ ಊರಿನಲ್ಲಿ 28 ಇಂಚು ಬಿದ್ದಿತ್ತು. ಪಕ್ಕದ ಮನೆಯ ಹಿರಿಯರು ಪ್ರತಿ ಅಕ್ಟೋಬರ್‌ನಲ್ಲೂ ಆ ಕಥೆ ಹೇಳುತ್ತಾರೆ.

ಎಲೆ ಉದುರಿ ಮುಗಿದ ಮೇಲೆ ಮಾಡಿನ ನೀರು ಹರಿಯುವ ಸೂರಿನ ದೋಣಿಗಳನ್ನು ಬಳಿದು ಚೊಕ್ಕಟ ಮಾಡಿ. ಆದರೆ ಸೂರಿನಲ್ಲಿ ಮಂಜಿನ ಕಟ್ಟೆ ಕಟ್ಟಿಕೊಳ್ಳುವುದಕ್ಕೆ ನಿಜವಾದ ಕಾರಣ ಅಟ್ಟದಲ್ಲಿರುತ್ತದೆ. ಮನೆಯ ಶಾಖ ಸೋರಿ ಮಾಡಿನ ಹಿಮ ಕರಗುತ್ತದೆ, ಆ ನೀರು ತಣ್ಣಗಿನ ಸೂರಿಗೆ ಬಂದು ಮತ್ತೆ ಗಟ್ಟಿಯಾಗುತ್ತದೆ, ಹಿಂದೆ ನಿಂತ ನೀರು ಹೊದಿಕೆಯಡಿ ನುಸುಳಿ ಒಳಗಿಳಿಯುತ್ತದೆ. ಅಟ್ಟಕ್ಕೆ ಹತ್ತಿ ವೈರ್, ಕೊಳವೆಗಳ ಸುತ್ತಲಿನ ಸಂದುಗಳನ್ನು ಮುಚ್ಚಿಸಿ, ಆಮೇಲೆ ಶಾಖ ತಡೆಯುವ ಹೊದಿಕೆಯನ್ನು ದಪ್ಪ ಮಾಡಿಸಿ.

ನಮ್ಮಂಥವರ ಮನೆಗೆ ಇನ್ನೊಂದು ಮಾತು. ಇಡ್ಲಿ, ಅನ್ನ, ಸಾರು ಎಂದು ದಿನವಿಡೀ ಹಬೆ ಏಳುತ್ತದೆ, ಅದೆಲ್ಲ ಕಿಟಕಿಯ ಗಾಜಿನ ಮೇಲೆ ನೀರಾಗಿ ಚೌಕಟ್ಟಿಗೆ ಬೂಷ್ಟು ಹಿಡಿಸುತ್ತದೆ. ಅಡುಗೆಮನೆಯ ಫ್ಯಾನ್ ಗಾಳಿಯನ್ನು ಹೊರಗೆ ಬಿಡುತ್ತದೆಯೋ, ಶೋಧಿಸಿ ಮತ್ತೆ ಒಳಗೇ ಬಿಡುತ್ತದೆಯೋ ನೋಡಿಕೊಳ್ಳಿ.

ಮನೆಯನ್ನು ಬಿಸಿ ಮಾಡುವ ಫರ್ನೇಸಿನ ಫಿಲ್ಟರ್ ಬದಲಿಸಿ, ವಾಸನೆಯಿಲ್ಲದ ವಿಷಾನಿಲ ಕಾರ್ಬನ್ ಮಾನಾಕ್ಸೈಡ್ ಬಗ್ಗೆ ಎಚ್ಚರಿಸುವ ಅಲಾರಂ ಒತ್ತಿ ನೋಡಿ. ಫರ್ನೇಸಿಗೆ ಗಾಳಿ ಎಳೆಯುವ, ಹೊಗೆ ಬಿಡುವ ಬಿಳಿ ಕೊಳವೆಗಳು ಗೋಡೆಯಿಂದ ಹೊರಬಂದಿದ್ದರೆ ಹಿಮ ಬಿದ್ದಾಗಲೆಲ್ಲ ಅವುಗಳ ಬಾಯಿ ಬಿಡಿಸಬೇಕು.

ಊರಿಗೆ ಹೊರಡುವಾಗ ಮನೆಯ ಶಾಖ ಹೊಂದಿಸುವ ಥರ್ಮೋಸ್ಟಾಟನ್ನು 55 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಕೆಳಗೆ ಇಳಿಸಬೇಡಿ; ನಾನು 60ರಲ್ಲಿ ಇಡುತ್ತೇನೆ. ಮನೆಯ ಮುಖ್ಯ ನೀರಿನ ವಾಲ್ವ್ ಮುಚ್ಚಿ, ನಲ್ಲಿಗಳನ್ನು ತೆರೆದು ಉಳಿದ ನೀರನ್ನು ಹರಿಯಬಿಡಿ. ಅಲ್ಲಿನ ಕೊಳವೆಗಳಿಗೂ ಮನೆಯ ಶಾಖ ತಲುಪುವಂತೆ ಸಿಂಕಿನ ಕೆಳಗಿನ ಕಪಾಟಿನ ಬಾಗಿಲು ತೆರೆದಿರಲಿ. ನೀವು ಇಲ್ಲದಾಗ ಕೊಳವೆ ಒಡೆದರೆ ವಿಮೆಯವರು ಶಾಖ ಇಟ್ಟಿದ್ದಿರಾ, ನೀರು ಮುಚ್ಚಿದ್ದಿರಾ ಎಂದು ಕೇಳುತ್ತಾರೆ; ಕರಾರನ್ನು ಈಗಲೇ ಓದಿಕೊಳ್ಳಿ. ಬೀಗದ ಕೈ ಒಂದನ್ನು ನೆರೆಯವರಿಗೆ ಕೊಟ್ಟು, ವಾಲ್ವ್ ಎಲ್ಲಿದೆಯೆಂದು ತೋರಿಸಿಯೇ ಹೋಗಿ.

ಕರಿಬೇವಿನ ಕುಂಡ ಅಂಗಳದಲ್ಲಿದ್ದರೆ ಸೆಪ್ಟೆಂಬರ್‌ನಲ್ಲೇ ಒಳಗೆ ತನ್ನಿ. ಎಲೆ ಉದುರಿಸಿದರೂ ಗಾಬರಿಯಿಂದ ನೀರು ಸುರಿಯಬೇಡಿ, ಬೇರು ಕೊಳೆಯುತ್ತದೆ.