ಆಶ್ರಯ ಮನೆ ಮುಂದೆ ಕಾರು ನಿಂತರೆ

ಓದುಗರ ಪತ್ರ: ಸಂಪಾದಕರೇ, ನಾನು ಚಿಕ್ಕಮಗಳೂರಿನ ಒಂದು ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಬ್ಯಾಂಕ್ ಸಾಲ ಮಾಡಿ ಕಟ್ಟಿಸಿದ ನಮ್ಮ ಮನೆಯ ಹಿಂದೆಯೇ ಆಶ್ರಯ ಬಡಾವಣೆ ಇದೆ. ಅಲ್ಲೊಂದು ಮನೆಗೆ ಮಹಡಿ ಎದ್ದಿದೆ, ಮುಂದೆ ಕಾರು ನಿಂತಿದೆ. ಮಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಎಂಜಿನಿಯರ್. ಅದೇ ಬೀದಿಯಲ್ಲಿ ನಮ್ಮ ಮನೆಗೆಲಸಕ್ಕೆ ಬರುವ ಹೆಂಗಸು ತಿಂಗಳಿಗೆ ನಾಲ್ಕೂವರೆ ಸಾವಿರ ಬಾಡಿಗೆ ಕೊಟ್ಟುಕೊಂಡು ಇದ್ದಾಳೆ. ಅದೂ ಆಶ್ರಯ ಮನೆಯೇ, ಆದರೆ ಅದರ ಯಜಮಾನರು ಬೇರೆ ಊರಿನಲ್ಲಿದ್ದಾರೆ. ಈಕೆ ಮೊದಲು ಮೂಡಿಗೆರೆ ಕಡೆಯ ತೋಟದ ಲೈನ್ ಮನೆಯಲ್ಲಿ, ಅಂದರೆ ಮಾಲೀಕರು ಕೆಲಸಗಾರರಿಗೆ ಕೊಡುವ ಸಾಲುಮನೆಯಲ್ಲಿ ಇದ್ದವಳು. ಗಂಡನಿಗೆ ಕೆಲಸ ಮಾಡಲು ಆಗದೆ ಹೋದಾಗ ಪೇಟೆಗೆ ಬಂದಳು. ಮನೆಗಾಗಿ ಅರ್ಜಿ ಕೊಟ್ಟು ಕೊಟ್ಟು ಸುಸ್ತಾಗಿದ್ದಾಳೆ. ಹೊರದೇಶಗಳಲ್ಲಿ ಸಂಪಾದನೆ ಜಾಸ್ತಿಯಾದವರು ಸರ್ಕಾರಿ ಮನೆ ಬಿಡಬೇಕಂತೆ. ಗ್ಯಾಸ್ ಸಬ್ಸಿಡಿ ಬಿಟ್ಟುಕೊಡಿ ಅಂದ ಹಾಗೆ ಇಲ್ಲೂ ಮನೆ ಬಿಟ್ಟುಕೊಡಿ ಅನ್ನಬಾರದೇಕೆ?

ಸಂಪಾದಕರ ಉತ್ತರ: ನಿಮ್ಮ ಪತ್ರದಲ್ಲಿ ಎರಡು ಮನೆಗಳಿವೆ. ನಿಮ್ಮ ಕಣ್ಣು ಕುಕ್ಕಿದ್ದು ಕಾರು ನಿಂತ ಮನೆ. ನನ್ನ ತಲೆ ಕೆಡಿಸಿದ್ದು ನಿಮ್ಮ ಕೆಲಸದಾಕೆ ಬಾಡಿಗೆ ಕಟ್ಟುತ್ತಿರುವ ಮನೆ. ಕಾರಿನ ಮನೆಯವರನ್ನು ಅವರ ಪಾಡಿಗೆ ಬಿಟ್ಟುಬಿಡಬೇಕು, ಬಾಡಿಗೆ ಮನೆಯ ಯಜಮಾನರನ್ನು ಮಾತ್ರ ಬಿಡಬಾರದು ಅನ್ನುವುದು ನನ್ನ ಅಭಿಪ್ರಾಯ. ಯಾಕೆ ಅಂತ ಹೇಳುತ್ತೇನೆ. ಸ್ವಲ್ಪ ಉದ್ದವಾಗುತ್ತದೆ, ಬೇಸರ ಮಾಡಿಕೊಳ್ಳಬೇಡಿ.

ಮೊದಲು ಹೊರದೇಶದ ಮಾತು ಮುಗಿಸೋಣ. ನೀವು ಕೇಳಿದ್ದು ಸುಳ್ಳಲ್ಲ. ಹಾಂಗ್‌ಕಾಂಗ್‌ನಲ್ಲಿ 1987ರಿಂದ ಅಂಥ ನಿಯಮವಿದೆ. ಸರ್ಕಾರಿ ಫ್ಲ್ಯಾಟಿನಲ್ಲಿ ಹತ್ತು ವರ್ಷ ಬಾಡಿಗೆಗೆ ಇದ್ದವರು ತಮ್ಮ ವರಮಾನದ ಲೆಕ್ಕ ಕೊಡಬೇಕು. ಮಿತಿ ದಾಟಿದರೆ ಬಾಡಿಗೆ ಏರುತ್ತದೆ. ತೀರಾ ದಾಟಿದರೆ ಮನೆ ಖಾಲಿ ಮಾಡಬೇಕು. ಇದರಿಂದ ಏನಾಯಿತು ಅಂದರೆ, ದುಡಿಯುವ ಮಕ್ಕಳು ಅಪ್ಪ ಅಮ್ಮನ ಮನೆಯಿಂದ ಹೆಸರು ತೆಗೆಸಿ ಬೇರೆ ಹೋಗುತ್ತಾರೆ ಎಂಬ ದೂರು ಅಲ್ಲಿ ಹಳೆಯದು. ಲೆಕ್ಕದಲ್ಲಿ ಮನೆ ಬಡವರದಾಗಿಯೇ ಉಳಿಯಿತು, ವಯಸ್ಸಾದವರು ಮಾತ್ರ ಒಂಟಿಯಾದರು.

ಇಂಗ್ಲೆಂಡಿನ ಕತೆ ಇನ್ನೂ ಚೆನ್ನಾಗಿದೆ. ಅಲ್ಲಿನ ರೈಲ್ವೆ ಕಾರ್ಮಿಕರ ಸಂಘದ ನಾಯಕ ಬಾಬ್ ಕ್ರೋ ಅವರಿಗೆ ಸಂಬಳ, ಸೌಲಭ್ಯ ಎಲ್ಲ ಸೇರಿ ವರ್ಷಕ್ಕೆ ಲಕ್ಷ ಪೌಂಡಿಗೂ ಜಾಸ್ತಿ ಬರುತ್ತಿತ್ತು. ಆದರೂ ಅವರು ಕೌನ್ಸಿಲ್ ಮನೆಯಲ್ಲೇ, ಅಂದರೆ ಸ್ಥಳೀಯ ಆಡಳಿತ ಕಡಿಮೆ ಬಾಡಿಗೆಗೆ ಕೊಡುವ ಮನೆಯಲ್ಲೇ ಇದ್ದರು. ಪತ್ರಿಕೆಗಳು ವರ್ಷಗಟ್ಟಲೆ ಬೈದವು. 2014ರಲ್ಲಿ ತೀರಿಕೊಳ್ಳುವ ತನಕ ಅವರು ಕದಲಲಿಲ್ಲ. ಅಂಥವರನ್ನು ತೋರಿಸಿಯೇ 2016ರಲ್ಲಿ ಒಂದು ಕಾನೂನು ಬಂತು. ಮನೆಯ ವರಮಾನ ಲಂಡನ್ನಿನಲ್ಲಿ 40 ಸಾವಿರ ಪೌಂಡ್, ಉಳಿದ ಕಡೆ 31 ಸಾವಿರ ದಾಟಿದರೆ ಬಾಡಿಗೆ ಏರಿಸುವುದು ಅಂತ. ಹಿಡಿಯಲು ಹೊರಟದ್ದು ಬಾಬ್ ಕ್ರೋ ತರದವರನ್ನು, ಬಲೆಗೆ ಬೀಳುವವರು ಗಂಡ ಬಸ್ ಓಡಿಸುವ, ಹೆಂಡತಿ ಅಂಗಡಿಯಲ್ಲಿ ಕೆಲಸ ಮಾಡುವ ಮನೆಗಳು. ಓವರ್‌ಟೈಮ್ ಮಾಡಿದರೆ ಬಾಡಿಗೆ ಏರುತ್ತದೆ ಅಂದರೆ ಯಾರು ತಾನೇ ಮಾಡುತ್ತಾರೆ? ಅದೇ ವರ್ಷ ನವೆಂಬರಿನಲ್ಲಿ ಸರ್ಕಾರ ಆ ಕಡ್ಡಾಯವನ್ನು ಕೈಬಿಟ್ಟಿತು.

ಆಸ್ಟ್ರಿಯಾದ ರಾಜಧಾನಿ ವಿಯೆನ್ನಾದವರು ಈ ತಲೆನೋವನ್ನೇ ಹಚ್ಚಿಕೊಂಡಿಲ್ಲ. ಅಲ್ಲಿ ಊರಿನ ಅರ್ಧದಷ್ಟು ಜನ ನಗರಸಭೆಯ ಅಥವಾ ಸರ್ಕಾರದ ನೆರವಿನ ಮನೆಗಳಲ್ಲಿದ್ದಾರೆ. ಒಳಗೆ ಹೋಗುವಾಗ ಒಮ್ಮೆ ವರಮಾನ ನೋಡುತ್ತಾರೆ. ಆಮೇಲೆ ನೀವು ದುಡಿದು ಮುಂದೆ ಬಂದರೆ ನಿಮ್ಮ ಪುಣ್ಯ. ಮೇಷ್ಟ್ರು, ಚಾಲಕ, ನರ್ಸ್ ಒಂದೇ ಮೆಟ್ಟಿಲು ಹತ್ತಿದರೆ ಬಡಾವಣೆಗೆ ಕೆಟ್ಟ ಹೆಸರು ಬರುವುದಿಲ್ಲ ಎಂಬ ಲೆಕ್ಕ ಅವರದು. ಆ ಲೆಕ್ಕ ನನಗೆ ಹಿಡಿಸುತ್ತದೆ.

ಆದರೆ ಇವೆಲ್ಲ ಬಾಡಿಗೆ ಮನೆಗಳ ಮಾತು. ಅಲ್ಲಿ ಮಾಲೀಕರು ಬೇರೆ, ಇರುವವನು ಬಾಡಿಗೆದಾರ. ನಮ್ಮಲ್ಲಿ ದೇವರಾಜ ಅರಸರ ಕಾಲದ ಜನತಾ ಮನೆ ಇರಲಿ, ಬಂಗಾರಪ್ಪನವರ ಕಾಲದ ಆಶ್ರಯ ಇರಲಿ, ಈಗಿನ ಬಸವ ವಸತಿ, ಅಂಬೇಡ್ಕರ್ ನಿವಾಸ, ಪ್ರಧಾನಮಂತ್ರಿ ಆವಾಸ್ ಇರಲಿ, ಮನೆ ಕೊಟ್ಟದ್ದು ಹಕ್ಕಾಗಿ. ಜಾಗಕ್ಕೆ ಹಕ್ಕುಪತ್ರ ಕೊಡುತ್ತಾರೆ, ಅದೂ ಹೆಚ್ಚಾಗಿ ಮನೆಯ ಹೆಂಗಸಿನ ಹೆಸರಿಗೆ. ದುಡ್ಡನ್ನೂ ಒಟ್ಟಿಗೆ ಕೊಡುವುದಿಲ್ಲ. ತಳಪಾಯ ಆದಾಗ ಒಂದು ಫೋಟೋ, ಒಂದು ಬಿಲ್ಲು. ಲಿಂಟಲ್ ಮಟ್ಟ ಬಂದಾಗ ಇನ್ನೊಂದು. ಛಾವಣಿಗೆ ಮತ್ತೊಂದು. ಮುಗಿದ ಮೇಲೆ ಕೊನೆಯದು. ಹಳ್ಳಿಯಲ್ಲಿ ಆವಾಸ್ ಯೋಜನೆಯ ನೆರವು 1.20 ಲಕ್ಷ ರೂಪಾಯಿ. ಇವತ್ತು ಅಷ್ಟರಲ್ಲಿ ಗೋಡೆ ಎದ್ದರೆ ಹೆಚ್ಚು. ಉಳಿದದ್ದಕ್ಕೆ ಕಿವಿಯ ಓಲೆ ಅಡವಿಡಬೇಕು, ಸಂಘದಲ್ಲಿ ಸಾಲ ಎತ್ತಬೇಕು, ರಜೆಯ ದಿನ ಮನೆಮಂದಿಯೆಲ್ಲ ಕಲ್ಲು ಹೊರಬೇಕು. ಮನೆ ಕಟ್ಟಿ ನೋಡು ಅಂತ ಹಿರಿಯರು ಸುಮ್ನೆ ಹೇಳಿದ್ದಲ್ಲ. ಅಂಥ ಮನೆಯನ್ನು 'ಸರ್ಕಾರ ಕೊಟ್ಟದ್ದು, ವಾಪಸ್ ಕೊಡಿ' ಅನ್ನಲು ನನಗೆ ಬಾಯಿ ಬರುವುದಿಲ್ಲ.

ನೀವು ಹೇಳಿದ ಕಾರಿನ ಮನೆಗೇ ಬನ್ನಿ. ಹಕ್ಕುಪತ್ರ ಬಹುಶಃ ತಾಯಿಯ ಹೆಸರಿನಲ್ಲಿದೆ, ಸಂಬಳ ಮಗನದು. ನಿಮ್ಮ ಲೆಕ್ಕದಲ್ಲಿ ಇಲ್ಲಿ ಜಾಸ್ತಿ ಸಂಪಾದನೆ ಇರುವವರು ಯಾರು? ಮಗ ನಾಳೆ ಮದುವೆಯಾಗಿ ಬೇರೆ ಹೋದರೆ ತಾಯಿಗೆ ಉಳಿಯುವುದು ಆ ಗೋಡೆಗಳು ಮಾತ್ರ. 2020ರ ಲಾಕ್‌ಡೌನಿನಲ್ಲಿ ಬೆಂಗಳೂರಿನಿಂದ ಗಂಟುಮೂಟೆ ಕಟ್ಟಿಕೊಂಡು ಬಂದವರು ಎಲ್ಲಿಗೆ ಬಂದರು? ಇಂಥ ಮನೆಗಳಿಗೇ ಅಲ್ವಾ? ಜೊತೆಗೆ, ಆ ಹುಡುಗ ಎಂಜಿನಿಯರ್ ಆದದ್ದರಲ್ಲಿ ಆ ಮನೆಯ ಪಾಲೂ ಇದೆ. ತಿಂಗಳ ಬಾಡಿಗೆ ಉಳಿದದ್ದು ಫೀಸಿಗೆ ಹೋಗಿರಬೇಕು. ಒಂದೇ ವಿಳಾಸ ಇದ್ದದ್ದಕ್ಕೆ ಒಂದೇ ಶಾಲೆಯಲ್ಲಿ ಓದಿರಬೇಕು. ಯೋಜನೆ ಮಾಡಿದ್ದೇ ಇದಕ್ಕೆ. ಫಲ ಬಂದಾಗ ತಪ್ಪು ಮಾಡಿದ ಹಾಗೆ ನೋಡಿದರೆ ಹೇಗೆ?

ಸುಳ್ಳು ಹೇಳಿ ಮನೆ ಪಡೆದಿದ್ದರೋ ಏನೋ ಅಂತ ನೀವು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ಆದರೆ ಇದನ್ನೂ ಗಮನಿಸಿ. ಹಳ್ಳಿಗಳಲ್ಲಿ ಈ ಯೋಜನೆಗಳಿಗೆ ವರಮಾನದ ಮಿತಿ ಬಹಳ ಕಾಲ ವರ್ಷಕ್ಕೆ 32 ಸಾವಿರ ರೂಪಾಯಿಯೇ ಇತ್ತು. ದಿನಕ್ಕೆ 88 ರೂಪಾಯಿ ಆಯಿತು. ಆ ಲೆಕ್ಕದಲ್ಲಿ ಕಾಫಿ ಕೊಯ್ಲಿಗೆ ಹೋಗುವ ಗಂಡ ಹೆಂಡಿರೂ ಅನರ್ಹರು. ಹಾಗಾಗಿ ನಿಜವಾದ ಬಡವನೂ ಸುಳ್ಳು ವರಮಾನ ಪತ್ರ ತಂದ, ಅನುಕೂಲಸ್ಥನೂ ತಂದ. ಇಬ್ಬರ ಕಾಗದದಲ್ಲೂ ಒಂದೇ ಅಂಕಿ. ಪ್ರಾಮಾಣಿಕನಿಗೆ ಪಾಲಿಸಲು ಆಗದ ನಿಯಮ ಮಾಡಿದರೆ ಕಳ್ಳನನ್ನು ಗುರುತಿಸುವುದು ಕಷ್ಟ. ಹಳೆಯ ಕಡತ ಕೆದಕಿದರೆ ಮೊದಲು ಸಿಕ್ಕಿಬೀಳುವವನು ವಶೀಲಿ ಇಲ್ಲದವನೇ.

ಗ್ಯಾಸ್ ಸಬ್ಸಿಡಿಯ ಹೋಲಿಕೆ ಇಲ್ಲಿ ಕೂರುವುದಿಲ್ಲ. 2015ರಲ್ಲಿ ಶುರುವಾದ ಆ ಅಭಿಯಾನದಲ್ಲಿ ಸುಮಾರು ಒಂದು ಕೋಟಿ ಜನ ಸಬ್ಸಿಡಿ ಬಿಟ್ಟುಕೊಟ್ಟರು, ಒಳ್ಳೆಯದೇ. ಆದರೆ ಸಿಲಿಂಡರ್ ಹಾಗೇ ಬರುತ್ತಿತ್ತು, ದುಡ್ಡು ಸ್ವಲ್ಪ ಜಾಸ್ತಿ ಕೊಡಬೇಕಿತ್ತು ಅಷ್ಟೆ. ಮನೆ ಬಿಟ್ಟರೆ ರೇಷನ್ ಕಾರ್ಡಿನ ವಿಳಾಸದಿಂದ ಹಿಡಿದು ಅಕ್ಕಪಕ್ಕದವರ ತನಕ ಎಲ್ಲ ಬಿಟ್ಟ ಹಾಗೆ. ಇಷ್ಟಕ್ಕೂ ಸ್ವಂತ ಇಚ್ಛೆಯಿಂದ ಮನೆ ಬಿಡುವುದು ದೊಡ್ಡವರಿಗೂ ಸುಲಭವಲ್ಲ. ಮಾಜಿ ಮುಖ್ಯಮಂತ್ರಿಗಳು ಸರ್ಕಾರಿ ಬಂಗಲೆ ಇಟ್ಟುಕೊಳ್ಳುವ ಹಾಗಿಲ್ಲ ಅಂತ 2018ರಲ್ಲಿ ಉತ್ತರ ಪ್ರದೇಶದ ಪ್ರಕರಣದಲ್ಲಿ ಸುಪ್ರೀಂ ಕೋರ್ಟೇ ಹೇಳಬೇಕಾಯಿತು.

ಈಗ ನಿಮಗೆ ಸ್ವಲ್ಪ ಕಹಿಯಾಗುವ ಒಂದು ಮಾತು. ಬ್ಯಾಂಕ್ ಸಾಲ ಮಾಡಿ ಮನೆ ಕಟ್ಟಿಸಿದೆವು ಅಂದಿರಿ. ಹಳೆಯ ತೆರಿಗೆ ಪದ್ಧತಿಯಲ್ಲಿ ವಾಸದ ಮನೆಯ ಸಾಲದ ಬಡ್ಡಿಗೆ ವರ್ಷಕ್ಕೆ 2 ಲಕ್ಷದವರೆಗೆ ವಿನಾಯಿತಿ ಇದೆ. ಶೇ 30ರ ತೆರಿಗೆ ಕಟ್ಟುವವರಿಗೆ ಇದರಿಂದ ಸೆಸ್ ಸೇರಿ 62,400 ರೂಪಾಯಿ ಉಳಿಯುತ್ತದೆ. ಎರಡು ವರ್ಷಕ್ಕೆ 1,24,800. ಹಳ್ಳಿಯ ಬಡ ಕುಟುಂಬಕ್ಕೆ ಜೀವಮಾನದಲ್ಲಿ ಒಮ್ಮೆ ಸಿಗುವ 1.20 ಲಕ್ಷಕ್ಕಿಂತ ಜಾಸ್ತಿ. ಸಾಲ ತೀರುವ ತನಕ ಇದು ನಡೆಯುತ್ತದೆ. ಇನ್ನೂ ಇದೆ. ಪ್ರಧಾನಮಂತ್ರಿ ಆವಾಸ್ ಯೋಜನೆಯ ನಗರ ವಿಭಾಗದಲ್ಲಿ 2021ರ ಮಾರ್ಚ್ ತನಕ ಮಧ್ಯಮ ವರ್ಗಕ್ಕೂ ಬಡ್ಡಿ ಸಹಾಯಧನ ಇತ್ತು. ವರ್ಷಕ್ಕೆ 12ರಿಂದ 18 ಲಕ್ಷ ವರಮಾನ ಇರುವ ಕುಟುಂಬಕ್ಕೂ 2.30 ಲಕ್ಷದವರೆಗೆ ಸಿಗುತ್ತಿತ್ತು. ಹೆಸರು ಒಂದೇ ಯೋಜನೆಯದು. ಹದಿನೆಂಟು ಲಕ್ಷದವನಿಗೆ 2.30, ಗುಡಿಸಲಿನವನಿಗೆ 1.20. ಆ ದುಡ್ಡನ್ನು ವಾಪಸ್ ಕೊಡಿ ಅಂತ ಯಾರೂ ಪತ್ರ ಬರೆಯಲಿಲ್ಲ. ಅದು ಬ್ಯಾಂಕ್ ಖಾತೆಯಲ್ಲಿ ಬಂದು ಹೋಗುತ್ತದೆ, ಮನೆ ಮುಂದೆ ಕಾರಿನ ಹಾಗೆ ನಿಲ್ಲುವುದಿಲ್ಲ. ಸಂಪಾದನೆ ಜಾಸ್ತಿ ಇರುವವರು ಏನಾದರೂ ಬಿಡಬೇಕು ಅಂತಾದರೆ ಅಲ್ಲಿಂದ ಶುರು ಮಾಡುವುದು ಒಳ್ಳೆಯದು. ಆ ಪಟ್ಟಿಯಲ್ಲಿ ನಾನೂ ಇದ್ದೇನೆ, ನೀವೂ ಇರಬಹುದು.

ಇನ್ನು ನಿಮ್ಮ ಕೆಲಸದಾಕೆಯ ಮನೆ. ಅಸಲಿ ಅನ್ಯಾಯ ಇರುವುದು ಇಲ್ಲಿ. ಹೆಸರು ಒಬ್ಬರದು, ವಾಸ ಇನ್ನೊಬ್ಬರದು. ಬಡವರಿಗೆ ಅಂತ ಕಟ್ಟಿದ ಮನೆಯೇ ಬಡವಳಿಂದ ವರ್ಷಕ್ಕೆ 54 ಸಾವಿರ ರೂಪಾಯಿ ವಸೂಲು ಮಾಡುತ್ತಿದೆ. ಈ ಯಜಮಾನರಿಗೆ ಸಂಬಳ ಎಷ್ಟು ಅಂತ ನಾನು ಕೇಳುವುದೇ ಇಲ್ಲ. ಅವರು ಕೂಲಿಯವರೇ ಆಗಿದ್ದರೂ, ಬೇರೆ ಕಡೆ ಸೂರು ಇದ್ದು ಇದನ್ನು ಬಾಡಿಗೆಗೆ ಬಿಟ್ಟಿದ್ದರೆ ಇದರ ಮೇಲೆ ಅವರಿಗೆ ಹಕ್ಕಿಲ್ಲ. ಯೋಜನೆ ವಾಸಕ್ಕೆ ಅಂತ ಇರುವುದು. ರಾತ್ರಿ ಆ ಮನೆಯಲ್ಲಿ ಯಾರು ಮಲಗುತ್ತಾರೆ ಅಂತ ನೋಡಬೇಕು. ವರಮಾನ ಪತ್ರ ನೋಡುವುದಕ್ಕಿಂತ ಇದು ಸುಲಭ, ಸುಳ್ಳು ಹೇಳಲು ಕಷ್ಟ. ವಿದ್ಯುತ್ ಬಿಲ್ಲು, ನೀರಿನ ಬಿಲ್ಲು, ರೇಷನ್ ಕಾರ್ಡಿನ ವಿಳಾಸ, ಅಕ್ಕಪಕ್ಕದವರ ಮಾತು ಸಾಕು.

ಇಂಥ ಮನೆಗಳು ಹೇಗೆ ಕೈ ಬದಲಾಯಿಸುತ್ತವೆ ಅಂತ ನಮ್ಮ ಜಿಲ್ಲೆಯಲ್ಲಿ ಎಲ್ಲರಿಗೂ ಗೊತ್ತು. ಇಂತಿಷ್ಟು ವರ್ಷ ಮಾರುವ ಹಾಗಿಲ್ಲ ಅಂತ ಷರತ್ತು ಇರುತ್ತದೆ. ಆದ್ದರಿಂದ ನೋಂದಣಿ ಮಾಡುವುದಿಲ್ಲ. ಛಾಪಾ ಕಾಗದದ ಮೇಲೆ ಒಂದು ಕರಾರು ಬರೆದು ದುಡ್ಡು ಎಣಿಸುತ್ತಾರೆ. ಕೊಟ್ಟವನು ಆಸ್ಪತ್ರೆಯ ಖರ್ಚಿಗೋ ಮಗಳ ಮದುವೆಗೋ ಕೊಟ್ಟಿರುತ್ತಾನೆ. ತೆಗೆದುಕೊಂಡವನಿಗೆ ಇದು ಮೂರನೆಯದೋ ನಾಲ್ಕನೆಯದೋ ಆಗಿರುತ್ತದೆ. ಇಂಗ್ಲೆಂಡಿನಲ್ಲೂ 1980ರಿಂದ ಕೌನ್ಸಿಲ್ ಮನೆಗಳನ್ನು ಇದ್ದವರಿಗೇ ಕಡಿಮೆ ಬೆಲೆಗೆ ಮಾರಿದರು. ಅವುಗಳಲ್ಲಿ ದೊಡ್ಡ ಪಾಲು ಈಗ ಖಾಸಗಿ ಮಾಲೀಕರ ಕೈಯಲ್ಲಿ ದುಬಾರಿ ಬಾಡಿಗೆಗೆ ಓಡುತ್ತಿದೆ. ಹೀಗೆ ಮನೆಗಳನ್ನು ಒಟ್ಟು ಹಾಕಿಕೊಂಡವರ ಮೇಲೆ ನನಗೆ ಕರುಣೆ ಇಲ್ಲ.

ಆದರೆ ಒಂದು ಎಚ್ಚರ ಬೇಕು. ನಾಳೆ ಅಧಿಕಾರಿಗಳು ಬಂದು ಆ ಮನೆಗೆ ಬೀಗ ಹಾಕಿದರೆ ಬೀದಿಗೆ ಬರುವವಳು ನಿಮ್ಮ ಕೆಲಸದಾಕೆ. ಯಜಮಾನರಿಗೆ ಏನೂ ಆಗುವುದಿಲ್ಲ. ಹಾಗಾಗಿ ವಾಪಸ್ ಪಡೆದ ಮನೆಯನ್ನು ಅಲ್ಲಿ ವಾಸ ಇರುವವರಿಗೇ ಕೊಡಬೇಕು, ಅವರು ಅರ್ಹರಾಗಿದ್ದರೆ. ಇದನ್ನು ನಿಯಮದಲ್ಲೇ ಬರೆಯಬೇಕು. ಇಲ್ಲದಿದ್ದರೆ ಯಾವ ಬಾಡಿಗೆದಾರಳೂ ಬಾಯಿ ಬಿಡುವುದಿಲ್ಲ.

ಆಕೆ ಲೈನ್ ಮನೆಯಿಂದ ಬಂದವಳು ಅಂತ ಬರೆದಿರಿ. ನಾನು ಆ ಸಾಲನ್ನು ಎರಡು ಸಲ ಓದಿದೆ. 1951ರ ತೋಟ ಕಾರ್ಮಿಕರ ಕಾಯ್ದೆ ತೋಟದಲ್ಲೇ ಇರುವ ಕೆಲಸಗಾರರಿಗೆ ಮಾಲೀಕರು ಮನೆ ಕೊಡಬೇಕು ಅಂದಿತು. ಒಳ್ಳೆಯ ಕಾನೂನು. ಆದರೆ ಕೆಲಸ ಇರುವ ತನಕ ಮನೆ, ಕೆಲಸ ಹೋದ ದಿನ ಮನೆಯೂ ಹೋಯಿತು. ಮೂಡಿಗೆರೆ, ಕೊಪ್ಪ, ಬಾಳೆಹೊನ್ನೂರು ಕಡೆ ಮೂರು ತಲೆಮಾರು ಕಾಫಿ ಕೊಯ್ದವರಿಗೆ ಒಂದು ಗೇಣು ಜಾಗ ಇಲ್ಲ. ಅಪ್ಪನಿಗೆ ಕೈಲಾಗದೆ ಹೋದರೆ ಲೈನ್ ಮನೆ ಉಳಿಸಿಕೊಳ್ಳಲೆಂದೇ ಓದುವ ಮಗನನ್ನು ಬಿಡಿಸಿ ತೋಟದ ಕೆಲಸಕ್ಕೆ ಹಾಕಿದ ಮನೆಗಳು ಬೇಕಾದಷ್ಟಿವೆ. ಕಾಫಿಗೆ ಒಳ್ಳೆ ಬೆಲೆ ಬಂದ ಈ ವರ್ಷಗಳಲ್ಲೂ ಇದು ಬದಲಾಗಲಿಲ್ಲ. ನಮ್ಮ ಜಿಲ್ಲೆಯಲ್ಲಿ ಮನೆ ಬಿಟ್ಟುಕೊಡುವ ಕೆಲಸ ದಿನವೂ ನಡೆಯುತ್ತಿದೆ, ಬಿಡುತ್ತಿರುವವರು ಕಡಿಮೆ ಸಂಪಾದನೆಯವರು.

ಈಗ ಆಕೆಗೆ ಏನು ಮಾಡಬಹುದು ಅಂತ ನೋಡೋಣ. ನಗರದಲ್ಲಿ ಫಲಾನುಭವಿಗಳ ಆಯ್ಕೆ ಶಾಸಕರ ಅಧ್ಯಕ್ಷತೆಯ ಆಶ್ರಯ ಸಮಿತಿಯಲ್ಲಿ ಆಗುತ್ತದೆ, ಹಳ್ಳಿಯಲ್ಲಿ ಗ್ರಾಮಸಭೆಯಲ್ಲಿ. ಆಕೆಯ ರೇಷನ್ ಕಾರ್ಡ್ ಇನ್ನೂ ಮೂಡಿಗೆರೆ ವಿಳಾಸದಲ್ಲೇ ಇದ್ದರೆ ಅರ್ಜಿ ಅಲ್ಲೇ ಬಿದ್ದುಹೋಗುತ್ತದೆ. ಮೊದಲು ಅದನ್ನು ಬದಲಾಯಿಸಿ. ವರಮಾನ ಪತ್ರ ಹೊಸದಿರಲಿ, ಅರ್ಹಳಾಗಿದ್ದರೆ ಜಾತಿ ಪತ್ರವೂ ಇರಲಿ. ಅರ್ಜಿ ಕೊಟ್ಟದ್ದಕ್ಕೆ ಸ್ವೀಕೃತಿ ಕೇಳಿ ಪಡೆಯಲಿ. ಬಾಯಿಮಾತಿನ 'ನೋಡೋಣ' ಬೇಡ.

ಆಮೇಲೆ ನೀವು ಮಾಡಬಹುದಾದ ಒಂದು ಕೆಲಸ ಇದೆ. ಮಾಹಿತಿ ಹಕ್ಕಿನಲ್ಲಿ ಹತ್ತು ರೂಪಾಯಿ ಕಟ್ಟಿ, ಆ ಬಡಾವಣೆಯ ಹಂಚಿಕೆ ಪಟ್ಟಿಯನ್ನು ನಗರಸಭೆಯಿಂದ ಕೇಳಿ. ನಮ್ಮ ರಾಜ್ಯದ ನಿಯಮದಂತೆ ಅರ್ಜಿ 150 ಪದ ಮೀರಬಾರದು, ವಿಷಯ ಒಂದೇ ಇರಬೇಕು. ಅರ್ಜಿ ನಿಮ್ಮ ಹೆಸರಿನಲ್ಲೇ ಹೋಗಲಿ, ಆಕೆಯ ಹೆಸರಿನಲ್ಲಿ ಬೇಡ. ಬಾಡಿಗೆದಾರಳ ಹೆಸರು ಕಂಡರೆ ಮಾರನೆಯ ದಿನವೇ ಮನೆ ಖಾಲಿ ಮಾಡು ಅನ್ನುತ್ತಾರೆ. ಪಟ್ಟಿ ಸಿಕ್ಕರೆ ನಮಗೂ ಒಂದು ಪ್ರತಿ ಕಳಿಸಿ. ಕಾರಿನ ಮನೆಯನ್ನು ಬಿಟ್ಟು, ಬೀಗ ಹಾಕಿದ ಮತ್ತು ಬಾಡಿಗೆಗೆ ಕೊಟ್ಟ ಮನೆಗಳ ಲೆಕ್ಕವನ್ನು ಒಂದೊಂದಾಗಿ ಅಚ್ಚು ಹಾಕೋಣ.